ಹತ್ತಿ ಹೂವಿನಲ್ಲಿ ಕಣ್ಣು ನೆಟ್ಟ ಮಳೆಗಾಲ

ಹೋದ ತಿಂಗಳು ಹಿರೇಕೆರೂರಿನ ಬಸ್ ನಿಲ್ದಾಣದಲ್ಲಿ ಹಾನಗಲ್ಲಿನ ಬಸ್ಸಿಗೆ ಕಾಯುತ್ತ ಕುಳಿತಿದ್ದೆ. ಬೆಳಗಿನಿಂದ ಬಿಟ್ಟು ಬಿಟ್ಟು ಸುರಿಯುತ್ತಿದ್ದ ಮಳೆ ಆಗಷ್ಟೇ ನಿಂತಿತ್ತು. ಹೊಲದಿಂದ ನೇರವಾಗಿ ಬಂದಂತೆ ಕಾಣುತ್ತಿದ್ದ ಹೆಂಗಸೊಬ್ಬಳು ಪಕ್ಕದಲ್ಲಿ ಕುಳಿತು, ಸೆರಗಿನಿಂದ ಮುಖ ಒರೆಸಿಕೊಂಡು, ಹಂಸಭಾವಿಯ ಬಸ್ಸು ಹೋಯಿತೇ ಎಂದು ಕೇಳಿದಳು. ಕೇಳುವಾಗ ಬಸ್ಸು ನಿಲ್ಲುವ ಕಡೆ ಕೈ ಚಾಚಿದಳು. ಆ ಕೈಯಿಂದ ಒಂದು ವಾಸನೆ ಬಂತು. ಹಸಿ ಎಲೆಯದೂ ಅಲ್ಲ, ಎಣ್ಣೆಯದೂ ಅಲ್ಲ, ಮೂಗಿನೊಳಗೆ ಸ್ವಲ್ಪ ಕಹಿಯಾಗಿ ನಿಲ್ಲುವಂಥದ್ದು. ಅವಳ ಹೆಬ್ಬೆರಳಿನ ಉಗುರು ನೋಡಿದೆ. ಉಗುರಿನ ಸಂದಿಯಲ್ಲೆಲ್ಲ ಕಪ್ಪು ಹಸಿರು ಕಲೆ. ಹತ್ತಿಯ ಮೊಗ್ಗು ಸುಲಿದ ಬೆರಳು ಅದು. ಎಷ್ಟು ಸಾಬೂನು ಹಚ್ಚಿ ತಿಕ್ಕಿದರೂ ಆ ಕಲೆ, ಆ ವಾಸನೆ ಸೀಜನ್ ಮುಗಿಯುವ ತನಕ ಹೋಗುವುದಿಲ್ಲ ಎಂದು ನನಗೆ ಗೊತ್ತಿದೆ. ಏಕೆಂದರೆ ಒಂದು ಮಳೆಗಾಲ ನನ್ನ ಬೆರಳೂ ಹಾಗೇ ಇತ್ತು.

ಆಗ ನನಗೆ ಇಪ್ಪತ್ತಮೂರು. ಊರು ಶಿಗ್ಗಾಂವ. ಅಪ್ಪ ಅಲ್ಲಿನ ಕಾಳು ಮಾರುವ ಅಡತಿ ಅಂಗಡಿಯೊಂದರಲ್ಲಿ ತೂಕ ನೋಡುವ ಕೆಲಸದಲ್ಲಿದ್ದ. ನಾನು ಕೃಷಿ ಡಿಪ್ಲೊಮಾ ಮುಗಿಸಿ, ಸರ್ಕಾರಿ ಕೆಲಸದ ಪರೀಕ್ಷೆಗೆಂದು ಎರಡು ವರ್ಷ ಮನೆಯಲ್ಲಿ ಕುಳಿತೆ. ಕುಳಿತೆ ಎನ್ನುವುದಷ್ಟೇ ನಿಜ. ಮುಂದೆ ಪುಸ್ತಕ, ಪಕ್ಕದಲ್ಲಿ ಫೋನು. ಒಂದು ಶಬ್ದದ ಅರ್ಥ ನೋಡಲೆಂದು ಫೋನು ಎತ್ತಿಕೊಂಡರೆ ಯಾರದೋ ಮದುವೆಯ ಸೀರೆ, ಯಾರದೋ ಅಡುಗೆ, ಯಾರೋ ಬಿದ್ದದ್ದು, ಯಾರೋ ನಕ್ಕದ್ದು, ಒಂದರ ಹಿಂದೆ ಒಂದು. ತಲೆ ಎತ್ತಿದಾಗ ಅಂಗಳದ ಬಿಸಿಲು ಆಚೆ ಗೋಡೆಗೆ ಹೋಗಿರುತ್ತಿತ್ತು. ನಾಲ್ಕು ಸಾಲು ಓದುವಷ್ಟರಲ್ಲಿ ಮೊದಲ ಸಾಲು ಮರೆಯುತ್ತಿತ್ತು. ನನ್ನ ತಲೆಯಲ್ಲಿ ಏನೋ ಕೆಟ್ಟಿದೆ ಎಂದು ನನಗೇ ಅನ್ನಿಸುತ್ತಿತ್ತು. ಯಾರಿಗೂ ಹೇಳಿರಲಿಲ್ಲ.

ಒಂದು ದಿನ ಮುಂಜಾನೆ ಎದ್ದು ನೋಡಿದರೆ ಅವ್ವ ಇಲ್ಲ. ಎಲ್ಲಿಗೆ ಹೋದಳು ಎಂದು ಅಪ್ಪನನ್ನು ಕೇಳಿದೆ. ಅಪ್ಪ ಚಹಾದ ಬಟ್ಟಲು ಕೆಳಗಿಟ್ಟು ನನ್ನನ್ನೇ ನೋಡಿದ.

"ತಡಸ ಊರಿಗೆ ಹೋಗ್ಯಾಳ. ನಿಮ್ಮ ಚಿಕ್ಕವ್ವ ತೀರಿಕೊಂಡ್ಲು ಅಂತ ನಿನ್ನಿ ನಿನ್ನ ಮುಂದನ ಕುಂತು ಅತಗೋತ ಹೇಳಿದ್ಲಲ್ಲ. ನೀ ಹ್ಞೂಂ ಅಂದಿ."

ನನಗೆ ನೆನಪೇ ಇರಲಿಲ್ಲ. ಅವ್ವ ಬಂದು ಕುಳಿತದ್ದು, ಅತ್ತದ್ದು, ನಾನು ಹ್ಞೂಂ ಅಂದದ್ದು ಯಾವುದೂ ಇಲ್ಲ. ಆ ಹೊತ್ತಿನಲ್ಲಿ ಫೋನಿನಲ್ಲಿ ಏನು ನೋಡುತ್ತಿದ್ದೆ ಎಂಬುದೂ ನೆನಪಿಗೆ ಬರಲಿಲ್ಲ. ಆ ವರ್ಷದ ಪರೀಕ್ಷೆಯಲ್ಲಿ ಪಾಸಾಗಲಿಲ್ಲ ಎಂಬುದಕ್ಕಿಂತ ಆ ಒಂದು ಹ್ಞೂಂ ನನ್ನನ್ನು ಹೆಚ್ಚು ಹೆದರಿಸಿತು. ಮನೆಯಲ್ಲಿ ಇದ್ದರೆ ಇನ್ನೂ ಹಾಳಾಗುತ್ತೇನೆ ಎನ್ನಿಸಿ, ಬೀಜದ ಕಂಪನಿಯೊಂದು ಒಂದು ಸೀಜನ್ನಿಗೆ ಹೊಲ ನೋಡಿಕೊಳ್ಳುವವರು ಬೇಕೆಂದಾಗ ಒಪ್ಪಿಕೊಂಡೆ. ಹಂಸಭಾವಿಯಲ್ಲಿ ಒಂದು ಬಾಡಿಗೆ ಕೋಣೆ ಹಿಡಿದೆ. ಸುತ್ತಲಿನ ಹಳ್ಳಿಗಳಲ್ಲಿ ಹತ್ತಿ ಬೀಜ ಮಾಡುವ ಒಂಬತ್ತು ಹೊಲ ನನ್ನ ಪಾಲಿಗೆ ಬಂದವು.

ಈ ಕೆಲಸ ಗೊತ್ತಿಲ್ಲದವರಿಗಾಗಿ ಸ್ವಲ್ಪ ಹೇಳಬೇಕು. ಹತ್ತಿಯ ಒಂದೇ ಹೂವಿನಲ್ಲಿ ಗಂಡೂ ಹೆಣ್ಣೂ ಇರುತ್ತವೆ. ಎರಡು ತಳಿ ಕೂಡಿಸಿ ಬೀಜ ಮಾಡಬೇಕೆಂದರೆ ಒಂದು ತಳಿಯನ್ನು ಹೆಣ್ಣು ಸಾಲಾಗಿ, ಇನ್ನೊಂದನ್ನು ಗಂಡು ಸಾಲಾಗಿ ಬಿತ್ತುತ್ತಾರೆ. ಹೆಣ್ಣು ಸಾಲಿನಲ್ಲಿ ನಾಳೆ ಅರಳಲಿರುವ ಮೊಗ್ಗನ್ನು ಇವತ್ತು ಮಧ್ಯಾಹ್ನವೇ ಗುರುತು ಹಿಡಿಯಬೇಕು. ಹೆಬ್ಬೆರಳಿನ ಉಗುರಿನಿಂದ ಅದರ ಬುಡದಲ್ಲಿ ಸುತ್ತ ಸೀಳಿ, ಎಸಳನ್ನೂ ಪರಾಗದ ಭಾಗವನ್ನೂ ಒಂದೇ ಎಳೆತಕ್ಕೆ ಕಳಚಬೇಕು. ಒಳಗೆ ಬೆಂಕಿಕಡ್ಡಿಯಷ್ಟು ತೆಳ್ಳಗಿನ ಹೆಣ್ಣು ಭಾಗ ಮಾತ್ರ ನಿಲ್ಲುತ್ತದೆ. ಉಗುರು ಒಂದು ಕೂದಲಿನಷ್ಟು ಆಳ ಹೋದರೂ ಕಾಯಿ ಹೋಯಿತು. ಅದಕ್ಕೆ ಕೆಂಪು ಕಾಗದದ ಟೊಪ್ಪಿಗೆ ಹಾಕಿ, ಮರುದಿನ ಬೆಳಿಗ್ಗೆ ಗಂಡು ಸಾಲಿನಿಂದ ಹೂ ತಂದು ಅದರ ಪುಡಿ ಸವರಿ, ತೊಟ್ಟಿಗೆ ದಾರ ಕಟ್ಟಬೇಕು. ಕಣ್ಣು ತಪ್ಪಿ ತಾನಾಗಿ ಅರಳಿದ ಹೂ ಹೆಣ್ಣು ಸಾಲಿನಲ್ಲಿ ಒಂದೂ ಉಳಿಯಬಾರದು. ಹೀಗೆ ಎರಡು ತಿಂಗಳು, ಪ್ರತಿ ದಿನ, ಪ್ರತಿ ಗಿಡ. ಊರಲ್ಲಿ ಇದಕ್ಕೆ ಕ್ರಾಸಿಂಗ್ ಎನ್ನುತ್ತಾರೆ. ಮಾಡುವವರೆಲ್ಲ ಹೆಂಗಸರು.

ಒಂಬತ್ತು ಹೊಲಗಳಲ್ಲಿ ಬಸಣ್ಣನವರ ಹೊಲ ಊರಿಗೆ ಹತ್ತಿರದ್ದು. ಅಲ್ಲಿ ಹನ್ನೆರಡು ಹೆಂಗಸರ ಗುಂಪು ಕೆಲಸ ಮಾಡುತ್ತಿತ್ತು. ಗುಂಪಿಗೆ ಹಿರಿಯರು ದ್ಯಾಮವ್ವ. ಐವತ್ತರ ಆಚೆ ಈಚೆ ವಯಸ್ಸು, ಸಣ್ಣ ಮೈ, ಮಾತು ಕಡಿಮೆ. ಮೊದಲ ದಿನ ನಾನು ಹೋದಾಗ ಬದುವಿನ ಬೇವಿನ ಗಿಡಕ್ಕೆ ಒಂದು ಬಿದಿರಿನ ಬುಟ್ಟಿ ನೇತು ಹಾಕಿತ್ತು. ಹೆಂಗಸರು ಒಬ್ಬೊಬ್ಬರಾಗಿ ಬಂದು ತಮ್ಮ ಫೋನು ಅದರಲ್ಲಿಟ್ಟು, ಮೇಲೆ ಬಟ್ಟೆ ಮುಚ್ಚಿ ಸಾಲಿಗೆ ಇಳಿದರು. ಹಿಂದಿನ ವರ್ಷ ಒಬ್ಬಳು ಕಿವಿಗೆ ವೈರು ಸಿಕ್ಕಿಸಿಕೊಂಡು ಮಾತಾಡುತ್ತ ಕೆಲವು ಮೊಗ್ಗು ಸುಲಿಯದೆ ಬಿಟ್ಟಿದ್ದಳಂತೆ. ಬೀಜ ಬೆರಕೆಯಾಗಿ ಕಂಪನಿ ಇಡೀ ಹೊಲದ ಬೆಳೆ ತಿರಸ್ಕರಿಸಿತ್ತು. ಯಾರೂ ಅವಳನ್ನು ಬೈಯಲಿಲ್ಲವಂತೆ. ಈ ವರ್ಷ ಬುಟ್ಟಿ ಬಂತು, ಅಷ್ಟೇ. ಅದು ಅವರೇ ಮಾಡಿಕೊಂಡ ನಿಯಮ. ನಾನೂ ಫೋನು ಇಡಬೇಕೇನೋ ಎಂದು ತಡವರಿಸಿದಾಗ ದ್ಯಾಮವ್ವ ಬೇಡವೆಂದರು. "ನಿಮ್ಮದು ಕೆಲಸದ ಫೋನ್ರಿ ಅಕ್ಕಾರ. ನೀವು ಇಟ್ಕೋರಿ." ನನಗೆ ಸಮಾಧಾನವಾಯಿತು. ಆ ಸಮಾಧಾನವನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಆ ವರ್ಷ ಮಳೆ ಸಣ್ಣದಾಗಿ ಹಿಡಿದು ಬಿಡದೆ ಬರುತ್ತಿತ್ತು. ಎರೆ ಮಣ್ಣು ಚಪ್ಪಲಿಗೆ ಅಂಟಿ ಒಂದೊಂದು ಕಾಲೂ ಒಂದೊಂದು ಕಲ್ಲಿನಷ್ಟು ತೂಕವಾಗುತ್ತಿತ್ತು. ಹನಿ ಬಿದ್ದರೆ ಹೂವಿನ ಪುಡಿ ಕೆಡುತ್ತದೆ. ಹಾಗಾಗಿ ಹೆಂಗಸರು ಕೈಯಲ್ಲಿ ಮೊಗ್ಗು, ಕಣ್ಣಲ್ಲಿ ಮೋಡ ಇಟ್ಟುಕೊಂಡೇ ಇರುತ್ತಿದ್ದರು. ನನ್ನ ಕೆಲಸ ಬೇರೆ ಥರದ್ದು. ಗಂಡು ಸಾಲಿನಲ್ಲಿ ಬೇರೆ ತಳಿಯ ಗಿಡ ಒಂದಾದರೂ ಇದ್ದರೆ ಹೂ ಬಿಡುವ ಮೊದಲೇ ಗುರುತಿಸಿ ಕೀಳಿಸಬೇಕು. ಪ್ರತಿ ಸಾಲಿನಲ್ಲಿ ನಡೆದು, ಪ್ರತಿ ಗಿಡದ ಎಲೆ ನೋಡಿ, ಹೊಲದ ನಾಲ್ಕು ಮೂಲೆಯಿಂದ ನಾಲ್ಕು ಫೋಟೋ ತೆಗೆದು ಕಂಪನಿಯ ಆ್ಯಪಿಗೆ ಕಳಿಸಬೇಕು. ಬಸಣ್ಣನವರ ಹೊಲದ ಸರದಿ ಬಂದ ದಿನ ಜಿಟಿಜಿಟಿ ಮಳೆ. ಒಂದು ಕೈಯಲ್ಲಿ ಛತ್ರಿ, ಒಂದು ಕೈಯಲ್ಲಿ ಫೋನು. ಫೋನಿನಲ್ಲಿ ಯಾರೋ ಹಳೆಯ ಸೀರೆಯಿಂದ ಹೊಸ ಉಡುಪು ಹೊಲಿಯುವುದನ್ನು ತೋರಿಸುತ್ತಿದ್ದರು. ಗಂಡು ಸಾಲಿನ ಅರ್ಧಕ್ಕೆ ಹೋಗಿ ನಿಂತೆ. ನಾಲ್ಕು ಮೂಲೆಗೆ ನಡೆಯಲಿಲ್ಲ. ನಿಂತಲ್ಲೇ ನಾಲ್ಕು ದಿಕ್ಕಿಗೆ ತಿರುಗಿ ನಾಲ್ಕು ಫೋಟೋ ತೆಗೆದೆ. "ಪೂರ್ಣ" ಎಂಬ ಗುರುತು ಒತ್ತಿದೆ. ಹಸಿರು ಬಣ್ಣ ಬಂತು. ಉಡುಪು ಹೊಲಿಯುವ ವಿಡಿಯೋ ಮುಂದುವರಿಯಿತು.

ಸ್ವಲ್ಪ ದಿನಗಳ ಮೇಲೆ ಒಂದು ಸೋಮವಾರ ದ್ಯಾಮವ್ವನವರ ಮಗಳಿಗೆ ಸವಣೂರಿನಲ್ಲಿ ಹೆರಿಗೆ ನೋವು ಬಂದಿದೆಯೆಂದು ಸುದ್ದಿ ಬಂತು. ಬೆಳಗಿನ ಕೆಲಸ ಮುಗಿಸಿ ಅವರು ಹೊರಟರು. ಮಂಗಳವಾರ, ಬುಧವಾರ, ಗುರುವಾರ ಮೂರು ದಿನ ಅವರು ಇರಲಿಲ್ಲ. ಪ್ರತಿ ಮುಂಜಾನೆ ಗಂಡು ಹೂಗಳನ್ನು ಕಿತ್ತು ತಾಟಿಗೆ ಹಾಕಿ ಎಲ್ಲರಿಗೂ ಹಂಚುವ ಕೆಲಸ ಅವರದೇ ಆಗಿತ್ತು. ಆ ಮೂರು ದಿನ ಮಳೆಯ ಹೆದರಿಕೆಯಲ್ಲಿ ಬಸಣ್ಣನವರ ಹೆಂಡತಿ ಅವಸರವಾಗಿ ಕಿತ್ತು ಹಂಚಿದರು.

ಶುಕ್ರವಾರ ಬೆಳಿಗ್ಗೆ ದ್ಯಾಮವ್ವ ಬಂದರು. ಮೊಮ್ಮಗಳು ಹುಟ್ಟಿದ್ದಳು. ಸಕ್ಕರೆ ಹಂಚಿ, ಫೋನು ಬುಟ್ಟಿಗೆ ಹಾಕಿ, ತಾಟು ಹಿಡಿದು ಗಂಡು ಸಾಲಿಗೆ ಹೋದರು. ಕೆಲವೇ ನಿಮಿಷಗಳಲ್ಲಿ ತಿರುಗಿ ಬಂದು ನನ್ನ ಮುಂದೆ ಒಂದು ಹೂ ಹಿಡಿದರು.

"ಅಕ್ಕಾರ, ಇದು ನಮ್ಮ ಹೂ ಅಲ್ಲ."

ನನಗೆ ಎಲ್ಲ ಹೂವಿನಂತೆಯೇ ಕಂಡಿತು. ಅವರು ತಾಟಿನಿಂದ ಇನ್ನೊಂದು ಹೂ ತೆಗೆದು ಪಕ್ಕದಲ್ಲಿಟ್ಟರು. ನಮ್ಮ ಗಂಡು ತಳಿಯ ಹೂವಿನ ಒಳಗೆ, ಪ್ರತಿ ಎಸಳಿನ ಬುಡದಲ್ಲಿ ಒಂದು ಕೆಂಪು ಬೊಟ್ಟು ಇರುತ್ತದೆ. ಹಣೆಗೆ ಕುಂಕುಮ ಇಟ್ಟಷ್ಟು ಸ್ಪಷ್ಟ. ಪುಡಿ ಅರಿಸಿನದ ಬಣ್ಣ. ಅವರು ತಂದ ಹೂವಿನಲ್ಲಿ ಬೊಟ್ಟು ಇತ್ತು, ಆದರೆ ಮಸುಕು. ಪುಡಿ ಹಾಲಿನ ಕೆನೆಯ ಬಣ್ಣ. ಒಮ್ಮೆ ಕಂಡ ಮೇಲೆ ಅದು ಬಿಟ್ಟು ಬೇರೇನೂ ಕಾಣಲಿಲ್ಲ.

ಸಾಲಿನ ಕೊನೆಯಲ್ಲಿ ಅಂಥ ಗಿಡ ಎರಡಿದ್ದವು. ಎಲೆ ಅಗಲ, ಸೀಳು ಕಡಿಮೆ. ಆ ವಾರವೇ ಹೂ ಬಿಡಲು ಸುರು ಮಾಡಿದ್ದವು. ಸೋಮವಾರದವರೆಗೆ ಹೂ ಆರಿಸಿದ್ದು ದ್ಯಾಮವ್ವನವರ ಕಣ್ಣು. ಅಂದರೆ ಮಂಗಳವಾರದಿಂದ ಗುರುವಾರದವರೆಗೆ ಅವುಗಳ ಪುಡಿ ಯಾವ ಯಾವ ಕಾಯಿಗೆ ಹೋಗಿದೆಯೋ ಯಾರಿಗೂ ತಿಳಿಯದು. ಆ ಕಾಯಿಗಳ ಬೀಜ ಬೆಳೆಯೊಳಗೆ ಸೇರಿದರೆ ಇಡೀ ಹೊಲ ಮತ್ತೆ ತಿರಸ್ಕಾರವಾಗುವುದು ಖಂಡಿತ.

ಬಸಣ್ಣನವರು ಬಂದು ನೋಡಿ, ತಣ್ಣಗೆ ಎರಡೂ ಗಿಡ ಕಿತ್ತು ಬದುವಿನಾಚೆ ಎಸೆದರು. ಗಿಡವೇ ಇಲ್ಲದ ಮೇಲೆ ಇನ್ನೇನು, ಯಾರಿಗೆ ಗೊತ್ತಾಗಬೇಕು ಎಂದರು. ಅವರ ಮುಖದಲ್ಲಿ ಕೆಟ್ಟತನ ಇರಲಿಲ್ಲ, ಹೆದರಿಕೆ ಇತ್ತು. ಹೆಂಗಸರು ನನ್ನ ಕಡೆ ನೋಡಿದರು. ದ್ಯಾಮವ್ವ ಮಾತ್ರ ಕೈಯಲ್ಲಿದ್ದ ಹೂವನ್ನು ನೋಡುತ್ತಿದ್ದರು.

ನಾನು ಬದುವಿಗೆ ಹೋಗಿ ನಿಂತು ಫೋನು ತೆಗೆದೆ. ಆ್ಯಪಿನಲ್ಲಿ ನನ್ನ ನಾಲ್ಕು ಫೋಟೋ ಹಸಿರು ಗುರುತಿನೊಂದಿಗೆ ಇದ್ದವು. ಮೂರನೆಯದನ್ನು ಬೆರಳಿನಿಂದ ಹಿಗ್ಗಿಸಿದೆ. ಸಾಲಿನ ಕೊನೆಯಲ್ಲಿ, ಚಿತ್ರದ ಅಂಚಿಗೆ, ಅಗಲ ಎಲೆಯ ಗಿಡ ನಿಂತಿತ್ತು. ಮಳೆಯ ಹನಿ ಕೂಡ ಕಾಣುವಷ್ಟು ಸ್ಪಷ್ಟವಾಗಿ. ನನ್ನ ಫೋನು ಅದನ್ನು ನೋಡಿತ್ತು. ಅದರ ಹಿಂದೆ ನಿಂತಿದ್ದ ನಾನು ನೋಡಿರಲಿಲ್ಲ. ಅವ್ವ ಅಳುತ್ತ ಹೇಳಿದ ಮಾತಿಗೆ ಹ್ಞೂಂ ಅಂದ ಹುಡುಗಿಯೇ ಇಲ್ಲಿಯೂ ಬಂದು "ಪೂರ್ಣ" ಎಂದು ಒತ್ತಿದ್ದಳು. ಹಂಸಭಾವಿಗೆ ಬಂದರೆ ಅವಳು ಶಿಗ್ಗಾಂವದಲ್ಲೇ ಉಳಿಯುತ್ತಾಳೆ ಎಂದು ನಾನು ಯಾಕೆ ಅಂದುಕೊಂಡೆನೋ.

ನಮ್ಮ ಮೇಲಿನ ಸಾಹೇಬರಿಗೆ ಅಲ್ಲಿಂದಲೇ ಫೋನು ಮಾಡಿದೆ. ಎಲ್ಲ ಹೇಳಿದೆ. ಅವರು, "ಫೋಟೋದಾಗ ಎಲ್ಲಾ ಸರಿ ಐತಲ್ಲ ಅಂತ ನಾ ಪಾಸ್ ಮಾಡೇನಿ" ಎಂದರು.

"ಫೋಟೋ ತಗದೇನ್ರಿ ಸರ್. ನೋಡಿಲ್ರಿ" ಎಂದೆ.

ಅವರು ಬೈಯಲಿಲ್ಲ. ಅದು ಇನ್ನೂ ಕಷ್ಟವಾಯಿತು. ಮೂರು ದಿನದ ಕಾಯಿಗಳನ್ನೆಲ್ಲ ಒಂದೂ ಬಿಡದೆ ಕಿತ್ತು ಹಾಕಲು ಸಾಧ್ಯವಿದ್ದರೆ ಹೊಲ ಉಳಿಸುತ್ತೇನೆ, ಭಾನುವಾರ ಮಧ್ಯಾಹ್ನ ನಾನೇ ಬಂದು ಪರೀಕ್ಷೆ ಮಾಡುತ್ತೇನೆ, ಸಂಶಯ ಬಂದರೆ ಇಡೀ ಹೊಲ ತಿರಸ್ಕರಿಸುತ್ತೇನೆ ಎಂದರು. ಗಂಡು ಸಾಲಿನ ಉಳಿದ ಪ್ರತಿ ಗಿಡವನ್ನೂ ಅವತ್ತೇ ಮತ್ತೆ ನೋಡಬೇಕೆಂದೂ ಹೇಳಿದರು.

ಕಷ್ಟ ಎಲ್ಲಿತ್ತೆಂದರೆ, ಎಲ್ಲ ದಿನಕ್ಕೂ ಒಂದೇ ಬಣ್ಣದ ದಾರ. ಬುಧವಾರ, ಗುರುವಾರದವನ್ನು ಗುರುತಿಸಬಹುದಿತ್ತು, ಅವುಗಳ ತುದಿ ಇನ್ನೂ ಪೂರ್ತಿ ಒಣಗಿರಲಿಲ್ಲ. ಮಂಗಳವಾರದ ಕಾಯಿ ಯಾವುದು, ಸೋಮವಾರದ್ದು ಯಾವುದು? ಎರಡೂ ಕಡಲೆ ಕಾಳಿನ ಗಾತ್ರ, ಎರಡೂ ಹಸಿರು. ಸೋಮವಾರ ಬಿಸಿಲು ಬಿದ್ದ ದಿನ, ಆ ತಿಂಗಳಿನಲ್ಲೇ ಅತಿ ಹೆಚ್ಚು ಹೂ ಕೂಡಿಸಿದ್ದ ದಿನ. ಅವನ್ನೂ ಸೇರಿಸಿ ಕಿತ್ತರೆ ಬಸಣ್ಣನವರಿಗೆ ಗಿಡದಲ್ಲಿ ಹೆಚ್ಚೇನೂ ಉಳಿಯುತ್ತಿರಲಿಲ್ಲ. ನಾನು ಲೆಕ್ಕಕ್ಕೆಂದು ಹತ್ತು ಗಿಡಗಳಿಗೆ ಮಾತ್ರ ತಾರೀಖಿನ ಚೀಟಿ ಕಟ್ಟಿದ್ದೆ. ಉಳಿದವು ಸಾವಿರಾರು.

ದ್ಯಾಮವ್ವ ಒಂದು ಗಿಡದ ಮುಂದೆ ಕುಕ್ಕರಗಾಲಿನಲ್ಲಿ ಕುಳಿತರು. ನನ್ನನ್ನೂ ಕೂಡಲು ಹೇಳಿದರು. ಅವತ್ತಿನ ಕೆಂಪು ಟೊಪ್ಪಿಗೆಯ ಹೂವಿಗೆ ಒಂದು ಬೆರಳು ಮುಟ್ಟಿಸಿ, ಅದರ ಕೆಳಗಿನ ಟೊಂಗೆಯ ಕಾಯಿಗೆ ಇನ್ನೊಂದು ಬೆರಳು ಮುಟ್ಟಿಸಿದರು.

"ಇದು ಇವತ್ತಿಂದು, ಶುಕ್ರವಾರದ್ದು. ಇದರ ಕೆಳಗಿನ ಟೊಂಗ್ಯಾಗಿಂದು ಮಂಗಳವಾರದ್ದು. ಕೆಳಗಿನ ಟೊಂಗಿಗೂ ಮ್ಯಾಲಿನ ಟೊಂಗಿಗೂ ಮೂರು ದಿನ ಅಂತರ. ಒಂದ ಟೊಂಗ್ಯಾಗ ಆದ್ರ ಒಂದು ಹೂವಿನಿಂದ ಮುಂದಿನ ಹೂವಿಗೆ ಆರು ದಿನ. ಗಿಡ ತಪ್ಪಂಗಿಲ್ರಿ. ಮಳಿ ಬಿಸಲಿಗೆ ಅರ್ಧ ದಿನ ಆಕಡೆ ಈಕಡೆ ಆಗತೈತಿ, ಅದಕ್ಕ ಕಾಯಿನೂ ನೋಡಬೇಕು."

ನಾನು ಆ ಗಿಡವನ್ನು ನೋಡಿದೆ. ಟೊಂಗೆಗಳು ಕಾಂಡವನ್ನು ಸುತ್ತುತ್ತ ಮೆಟ್ಟಿಲಿನಂತೆ ಮೇಲೇರಿದ್ದವು. ಪ್ರತಿ ಮೆಟ್ಟಿಲು ಮೂರು ದಿನ. ಬುಡದಲ್ಲಿ ನಿಂಬೆ ಹಣ್ಣಿನಷ್ಟು ಕಾಯಿ, ನಡುವೆ ಅಡಿಕೆಯಷ್ಟು, ಮೇಲೆ ಕಡಲೆಯಷ್ಟು, ಅದರ ಮೇಲೆ ಇವತ್ತಿನ ಹೂ, ಅದಕ್ಕೂ ಮೇಲೆ ಇನ್ನೂ ಬಾರದ ದಿನಗಳ ಮೊಗ್ಗು. ಇಡೀ ಮಳೆಗಾಲ ಒಂದು ಗಿಡದ ಮೇಲೆ ದಿನದ ಲೆಕ್ಕದಲ್ಲಿ ಏರಿ ನಿಂತಿತ್ತು. ಇದನ್ನು ನಾನು ಡಿಪ್ಲೊಮಾದಲ್ಲಿ ಓದಿದ್ದೆ. ಎರಡು ಅಂಕದ ಪ್ರಶ್ನೆಗೆ ಒಂದು ಸಾಲಿನ ಉತ್ತರ. ಬರೆದು ಅಂಕ ತೆಗೆದುಕೊಂಡಿದ್ದೆ. ಆದರೆ ಹತ್ತಿಯ ಗಿಡಗಳ ನಡುವೆ ಒಂದು ತಿಂಗಳು ಓಡಾಡಿದರೂ ಅದನ್ನು ಕಂಡಿರಲಿಲ್ಲ. ದ್ಯಾಮವ್ವನವರಿಗೆ ಅದನ್ನು ಯಾರೂ ಕಲಿಸಿರಲಿಲ್ಲ. ವರ್ಷ ವರ್ಷ ನೋಡಿ ನೋಡಿ ಗಿಡದಿಂದಲೇ ತಿಳಿದುಕೊಂಡಿದ್ದರು. ನನಗೆ ಮೈ ಜುಮ್ಮೆಂದಿತು. ಗಿಡವನ್ನು ಕಂಡೋ ಅವರನ್ನು ಕಂಡೋ ಹೇಳಲಾರೆ.

ನಾನು ಎದ್ದು ಹೋಗಿ ಫೋನನ್ನು ಬುಟ್ಟಿಯಲ್ಲಿಟ್ಟು ಬಂದೆ.

ಆಮೇಲಿನದು ಸುಲಭವಾಗಿರಲಿಲ್ಲ. ಗಂಡು ಸಾಲು ಮುಗಿಸಿ ಬಂದು, ದ್ಯಾಮವ್ವ ಒಂದು ಸಾಲು, ಪಕ್ಕದಲ್ಲಿ ನಾನು ಒಂದು ಸಾಲು ಹಿಡಿದೆವು. ಮೊದಲ ಹತ್ತು ಗಿಡ ಚೆನ್ನಾಗಿ ನೋಡಿದೆ. ಹನ್ನೊಂದನೆಯದಕ್ಕೆ ಕೈ ತಾನಾಗಿ ಸೊಂಟದ ಜೇಬಿಗೆ ಹೋಯಿತು. ಫೋನು ಇರಲಿಲ್ಲ. ಸ್ವಲ್ಪ ಹೊತ್ತಿಗೆ ಮತ್ತೆ ಹೋಯಿತು. ಬುಟ್ಟಿಯಲ್ಲಿ ನನ್ನದೇ ಫೋನು ಸದ್ದು ಮಾಡಿತೆಂದು ಎರಡು ಸಲ ಅನ್ನಿಸಿತು. ಎರಡು ಸಲವೂ ಏನೂ ಆಗಿರಲಿಲ್ಲ. ಕಣ್ಣು ಗಿಡದ ಮೇಲಿದ್ದರೂ ಒಳಗೆ ಯಾರೋ ಬೆರಳಿನಿಂದ ಚಿತ್ರ ಸರಿಸುತ್ತ ಹೋಗುತ್ತಿದ್ದಂತೆ ಗಿಡದಿಂದ ಗಿಡಕ್ಕೆ ಜಾರುತ್ತಿದ್ದೆ. ಒಂದು ಗಿಡ ಮುಗಿಯುವ ಮೊದಲೇ ಮುಂದಿನದರ ಮೇಲೆ ಆಸೆ. ಹಿಂದಿನಿಂದ ದ್ಯಾಮವ್ವ ಬಂದು ನಾನು ದಾಟಿದ ಗಿಡದಲ್ಲಿ ಎರಡು ಕಾಯಿ ಕಿತ್ತು ನನ್ನ ಅಂಗೈಗೆ ಹಾಕಿದರು. ಎರಡೂ ಮಂಗಳವಾರದವು. ನನಗೆ ಅಳು ಬಂತು. ನನಗೆ ಇದು ಆಗುವುದಿಲ್ಲ, ನನ್ನ ತಲೆಯೇ ಹಾಗಾಗಿಬಿಟ್ಟಿದೆ ಎಂದು ಹೇಳಿಬಿಟ್ಟೆ. ಎರಡು ವರ್ಷದಿಂದ ಯಾರಿಗೂ ಹೇಳದ ಮಾತು ಮಣ್ಣು ಮೆತ್ತಿದ ಕೈಯಲ್ಲಿ ಕಣ್ಣು ಒರೆಸಿಕೊಳ್ಳುತ್ತ ಅವರಿಗೆ ಹೇಳಿದೆ. ಚಿಕ್ಕವ್ವನ ವಿಷಯವನ್ನೂ ಹೇಳಿದೆ.

ಅವರು ಪೂರ್ತಿ ಕೇಳಿಸಿಕೊಂಡರು. ನಡುವೆ ಒಂದು ಸಲವೂ ಹ್ಞೂಂ ಅನ್ನಲಿಲ್ಲ.

"ನನಗೂ ಹಂಗ ಆಗತೈತಿ ಯವ್ವಾ" ಎಂದರು. ಅಕ್ಕಾರ ಹೋಗಿ ಯವ್ವಾ ಆಗಿದ್ದನ್ನು ನಾನು ಆಮೇಲೆ ಗಮನಿಸಿದೆ. "ಮನಸ್ಸು ಸವಣೂರಾಗ ಇರತೈತಿ, ಕೂಸಿನ ಹತ್ರ. ಹೋಗಲಿ ಬಿಡು. ಹೋಗೇತಿ ಅಂತ ಗೊತ್ತಾತಲ್ಲ, ಆವಾಗ ಈ ಗಿಡದ ಬುಡಕ್ಕ ಕೈ ಹಚ್ಚಿ ಮತ್ತ ಕೆಳಗಿಂದ ಸುರು ಮಾಡು. ಎಷ್ಟು ಸಲ ಹೋಗತೈತಿ, ಅಷ್ಟು ಸಲ ಕೆಳಗಿಂದ."

ಅಷ್ಟೇ. ನಾನು ಹಾಗೆ ಮಾಡಿದೆ. ಬುಡಕ್ಕೆ ಕೈ ಹಚ್ಚುವುದು, ಟೊಂಗೆ ಟೊಂಗೆ ಏರುವುದು, ತುಟಿಯಲ್ಲಿ ದಿನದ ಹೆಸರು ಹೇಳುವುದು. ಜಾರಿದರೆ ಮತ್ತೆ ಬುಡ. ಒಂದು ಗಿಡಕ್ಕೆ ನಾಲ್ಕು ಸಲ, ಐದು ಸಲ. ಶುಕ್ರವಾರ ಸಂಜೆ ಬೆನ್ನು ನೆಟ್ಟಗಾಗಲಿಲ್ಲ. ದ್ಯಾಮವ್ವ ಮುಗಿಸಿದ್ದರ ಕಾಲು ಭಾಗವನ್ನೂ ನಾನು ಮುಗಿಸಿರಲಿಲ್ಲ.

ಶನಿವಾರ ಮಳೆ ಪೂರ್ತಿ ಬಿಟ್ಟಿತು. ಬಿಸಿಲು ತೊಳೆದಿಟ್ಟಂತೆ ಬಿತ್ತು. ಯಾವ ಹೊತ್ತಿಗೆ ಎಂದು ಹೇಳಲಾರೆ, ಕೈ ಜೇಬಿಗೆ ಹೋಗುವುದು ನಿಂತಿತ್ತು. ನಿಂತದ್ದು ಕೂಡ ಗೊತ್ತಾಗಿರಲಿಲ್ಲ. ಅದರ ಬದಲು ಬೇರೆಯವು ಗೊತ್ತಾಗತೊಡಗಿದವು. ಸೋಮವಾರದ ಕಾಯಿಗೆ ತುದಿಯಲ್ಲಿ ಒಂದು ಸಣ್ಣ ಹೊಳಪು ಇತ್ತು, ಮಂಗಳವಾರದ್ದಕ್ಕೆ ಇರಲಿಲ್ಲ. ಎಲೆಯ ಹಿಂಬದಿಯ ನರದ ಮೇಲೆ ಒಂದು ಸಣ್ಣ ಗ್ರಂಥಿ, ಅದರ ಮೇಲೆ ಒಂದು ಸಿಹಿ ಹನಿ, ಆ ಹನಿಗೆ ಸಾಲುಗಟ್ಟಿದ ಇರುವೆ. ಗಂಡು ಸಾಲಿನ ಹೂವಿನಿಂದ ಹೊರಬಂದ ಜೇನು ಮೈಯೆಲ್ಲ ಅರಿಸಿನ ಮಾಡಿಕೊಂಡು ಹಾರಲಾರದೆ ಎಲೆಯ ಮೇಲೆ ಕುಳಿತು ಕಾಲು ತಿಕ್ಕುತ್ತಿತ್ತು. ಬೆಳಿಗ್ಗೆ ಹಳದಿಯಿದ್ದ ಹೂವು ಮಧ್ಯಾಹ್ನಕ್ಕೆ ಅಂಚಿನಲ್ಲಿ ಗುಲಾಬಿಯಾಗಿ, ಹೊತ್ತು ಇಳಿಯುವಾಗ ಕೆಂಪಾಗಿ ಮಡಚಿಕೊಂಡಿತು. ಹನ್ನೆರಡು ಹೆಂಗಸರು ಆ ಹೊಲದಲ್ಲಿದ್ದರೂ ಎಲೆ ಸರಿಯುವ ಸದ್ದು ಬಿಟ್ಟು ಬೇರೆ ಸದ್ದಿರಲಿಲ್ಲ. ಅಷ್ಟು ಜನರ ಗಮನ ಒಂದೇ ಕೆಲಸದ ಮೇಲೆ ನಿಂತಾಗ ಹೇಗಿರುತ್ತದೆ ಎಂದು ನನಗೆ ಅವತ್ತಿನವರೆಗೆ ಗೊತ್ತಿರಲಿಲ್ಲ. ಗುಡಿಯಲ್ಲಿ ಕೂಡ ಅಂಥ ನಿಶ್ಶಬ್ದ ನಾನು ಕೇಳಿಲ್ಲ.

ಭಾನುವಾರ ಮಧ್ಯಾಹ್ನ ಸಾಹೇಬರು ಬಂದರು. ಕಿತ್ತ ಕಾಯಿಗಳ ರಾಶಿ ನೋಡಿದರು. ಆಮೇಲೆ ಚೀಟಿ ಕಟ್ಟಿದ ಗಿಡಗಳ ಹತ್ತಿರ ಹೋಗಿ, ಚೀಟಿಯನ್ನು ಮುಷ್ಟಿಯಲ್ಲಿ ಮುಚ್ಚಿ, ಇದು ಯಾವ ದಿನದ ಕಾಯಿ ಎಂದು ಹೆಂಗಸರನ್ನು ಒಬ್ಬೊಬ್ಬರನ್ನಾಗಿ ಕೇಳಿದರು. ಒಬ್ಬರೂ ತಪ್ಪಲಿಲ್ಲ. ಬಸಣ್ಣನವರು ದೂರದಲ್ಲಿ ಟವೆಲ್ಲು ಹಿಂಡುತ್ತ ನಿಂತಿದ್ದರು. ಕೊನೆಗೆ ಸಾಹೇಬರು ನನ್ನನ್ನು ಕರೆದರು. ನಾಲ್ಕು ಕಾಯಿಗೆ ದಿನ ಹೇಳಿದೆ, ನಾಲ್ಕೂ ಸರಿಯಾದವು. ಐದನೆಯದು ಚೀಟಿ ಇಲ್ಲದ ಗಿಡದ್ದು. ಬುಡಕ್ಕೆ ಕೈ ಹಚ್ಚಿ ಮೂರು ಸಲ ಏರಿದೆ. ಸೋಮವಾರದ ಹೊಳಪು ಇದ್ದಂತೆಯೂ ಇತ್ತು, ಇಲ್ಲದಂತೆಯೂ ಇತ್ತು.

"ಇದು ಗೊತ್ತಾಗವಲ್ದು ಸರ್" ಎಂದೆ.

ಅವರು ತಾವೂ ಬಗ್ಗಿ ನೋಡಿದರು. ದ್ಯಾಮವ್ವನವರನ್ನು ಕರೆದು ತೋರಿಸಿದರು. ಅವರೂ ತಲೆ ಆಡಿಸಿ ಗೊತ್ತಿಲ್ಲವೆಂದರು. ಸಾಹೇಬರು ಆ ಕಾಯಿಯನ್ನು ಕಿತ್ತು ರಾಶಿಗೆ ಎಸೆದು, ಹೊಲ ಇರಲಿ ಎಂದು ಬರೆದುಕೊಂಡರು. ಬಸಣ್ಣನವರ ಹೆಂಡತಿ ನೆಲಕ್ಕೆ ಕುಳಿತುಬಿಟ್ಟರು.

ಮುಂದಿನ ಬೇಸಿಗೆಯಲ್ಲಿ ಆ ಬೀಜದ ಪರೀಕ್ಷೆ ಮುಗಿದು, ಬಸಣ್ಣನವರ ಹೊಲ ಪಾಸಾಯಿತೆಂಬ ಸುದ್ದಿ ನನಗೆ ಬಂತು. ಅಷ್ಟರಲ್ಲಿ ನಾನು ಕಂಪನಿಯಲ್ಲಿ ಇರಲಿಲ್ಲ. ಸುಳ್ಳು ಗುರುತು ಒತ್ತಿದವಳನ್ನು ಎರಡನೆಯ ಸೀಜನ್ನಿಗೆ ಕರೆಯಲಿಲ್ಲ. ಅದು ಸರಿಯಾದದ್ದೇ. ಶಿಗ್ಗಾಂವಕ್ಕೆ ಹೋದ ಮೇಲೆ ಒಂದು ಮಧ್ಯಾಹ್ನ ಫೋನನ್ನು ಕಪಾಟಿನಲ್ಲಿಟ್ಟು, ಅಡುಗೆಮನೆಯಲ್ಲಿ ಅವ್ವನ ಎದುರು ಕುಳಿತು, ಚಿಕ್ಕವ್ವ ತೀರಿಕೊಂಡ ದಿನದ ಸುದ್ದಿ ಮತ್ತೊಮ್ಮೆ ಹೇಳು ಎಂದೆ. ಅವ್ವ ಬಹಳ ಹೊತ್ತು ನನ್ನ ಮುಖ ನೋಡಿದಳು. ಆಮೇಲೆ ಹೇಳಿದಳು. ಅಕ್ಕ ತಂಗಿ ಇಬ್ಬರೂ ಚಿಕ್ಕವರಿದ್ದಾಗಿನಿಂದ ಹೇಳಿದಳು. ಸಂಜೆಯಾಯಿತು.

ಪುಸ್ತಕ ಓದುವುದಕ್ಕೆ ಇನ್ನೂ ಕೆಲವು ತಿಂಗಳು ಹಿಡಿಯಿತು. ಪರೀಕ್ಷೆಯ ಆಸೆ ಬಿಟ್ಟೆ. ಈಗ ಹಾನಗಲ್ಲಿನ ಹತ್ತಿರ ಒಂದು ನರ್ಸರಿಯಲ್ಲಿ ಮಾವಿನ ಕಸಿ ಕಟ್ಟುತ್ತೇನೆ, ಕಟ್ಟುವುದನ್ನು ಕಲಿಸುತ್ತೇನೆ. ಫೋನು ಈಗಲೂ ಇದೆ. ಈಗಲೂ ಕೆಲವು ದಿನ ಅದು ನನ್ನನ್ನು ಗೆಲ್ಲುತ್ತದೆ. ಮತ್ತೆ ಕೆಳಗಿನಿಂದ ಸುರು ಮಾಡುತ್ತೇನೆ.

ಆ ಸೀಜನ್ನಿನ ಕೊನೆಯ ಬೆಳಗಿನ ಮಾತು ಒಂದು ಹೇಳಬೇಕು. ಆ ಭಾನುವಾರದ ಮೇಲೆ ನಾನೂ ಹೆಂಗಸರ ಜೊತೆ ಸಾಲಿಗೆ ಇಳಿದು ಮೊಗ್ಗು ಸುಲಿಯುತ್ತಿದ್ದೆ. ಈಗ ಕ್ರಾಸಿಂಗ್ ಮುಗಿದಿತ್ತು. ಇನ್ನು ಹೆಣ್ಣು ಸಾಲಿನಲ್ಲಿ ಅರಳುವ ಹೂಗಳನ್ನೆಲ್ಲ ಕಿತ್ತು ಹಾಕುವುದಷ್ಟೇ ಉಳಿದಿತ್ತು.

ನಾನು ಬೇಗ ಹೋಗಿದ್ದೆ. ದ್ಯಾಮವ್ವ ಆಗಲೇ ಬಂದಿದ್ದರು. ಬಿಸಿಲು ಇನ್ನೂ ಎಳೆಯದು, ಎಲೆಗಳ ಮೇಲೆ ಇಬ್ಬನಿ. ಒಂದು ಗಿಡದ ತುದಿಯಲ್ಲಿ ಮೊಗ್ಗು ಮೋಂಬತ್ತಿಯಂತೆ ಉದ್ದವಾಗಿ, ಎಸಳುಗಳು ಒಂದರ ಮೇಲೊಂದು ಸುತ್ತಿಕೊಂಡು ನಿಂತಿದ್ದವು. ಕೀಳಲು ಕೈ ಚಾಚಿದವಳು ಹಾಗೇ ನಿಂತೆ. ಹತ್ತಿಯ ಹೂ ಅರಳುವುದನ್ನು ನೀವು ಎಷ್ಟು ಸಲ ನೋಡಿದ್ದೀರಿ ಎಂದು ದ್ಯಾಮವ್ವನವರನ್ನು ಕೇಳಿದೆ.

ಅವರು ಯೋಚಿಸಿದರು.

"ಮೊಗ್ಗಿ ನೋಡೇನಿ, ಹೂ ನೋಡೇನಿ" ಎಂದರು. "ಅರಳೂದು ನೋಡಿಲ್ಲ. ಅರಳೂ ಮೊದಲ ಸುಲಿಯೂದ ನಮ್ಮ ಕೆಲಸ. ಕುಂತು ನೋಡಾಕ ಯಾರು ಬಿಟ್ಟಾರ?"

ಇವತ್ತು ಕುಳಿತು ನೋಡೋಣ ಎಂದೆ. ಅವರು ನಕ್ಕರು. ಆದರೆ ಗೋಣಿಚೀಲ ತಂದು ಹಾಸಿದರು. ಒಬ್ಬೊಬ್ಬರಾಗಿ ಬಂದ ಹೆಂಗಸರು ಏನು ನೋಡುತ್ತಿದ್ದೇವೆಂದು ಕೇಳಿ, ತಾವೂ ಸುತ್ತ ಕುಳಿತರು.

ಮೊದಲು ಏನೂ ಆಗಲಿಲ್ಲ. ಬಿಸಿಲು ಎಲೆಯಿಂದ ಎಲೆಗೆ ಇಳಿದು ಮೊಗ್ಗಿಗೆ ತಾಗಿತು. ಬಹಳ ಹೊತ್ತಿನ ಮೇಲೆ ಸುತ್ತಿದ ತುದಿಯಲ್ಲಿ ಸೂಜಿ ಹೋಗುವಷ್ಟು ಸಂದಿ ಕಂಡಿತು. ಕಂಡಿತೋ, ನಾವು ಅಂದುಕೊಂಡೆವೋ. ಸಂದಿ ಅಗಲವಾಯಿತು. ಒಂದು ಎಸಳು ಇನ್ನೊಂದರ ತೋಳಿನಿಂದ ಬಿಡಿಸಿಕೊಂಡಂತೆ ಸರಿಯಿತು, ಅದರ ಹಿಂದೆ ಮತ್ತೊಂದು. ಯಾವುದೂ ಚಲಿಸುತ್ತಿದೆ ಎಂದು ಕಾಣುತ್ತಿರಲಿಲ್ಲ, ಆದರೆ ಕಣ್ಣ ಮುಂದೆಯೇ ಎಲ್ಲ ಬೇರೆಯಾಗುತ್ತಿತ್ತು. ಕೆನೆ ಬಣ್ಣದ ಬಟ್ಟಲು ತೆರೆದುಕೊಂಡಿತು. ಒಳಗೆ ಪುಡಿ ಹೊತ್ತ ನೂರು ಸಣ್ಣ ತಲೆಗಳು ಬಿಸಿಲಿಗೆ ಬಿರಿದವು. ನಮ್ಮ ಉಗುರುಗಳು ಎರಡು ತಿಂಗಳು ಕಳಚಿ ಎಸೆದದ್ದು ಇದನ್ನೇ.

ನಿಯಮದ ಪ್ರಕಾರ ಅದನ್ನು ಆಗಲೇ ಕೀಳಬೇಕಿತ್ತು. ಕೀಳಬೇಕಾದವಳು ನಾನು. ಕೈ ಚಾಚಿದೆ.

"ಇರಲಿ ಯವ್ವಾ" ಎಂದರು ದ್ಯಾಮವ್ವ, ಹೂವಿನಿಂದ ಕಣ್ಣು ತೆಗೆಯದೆ. "ಇನ್ನೊಂದು ಚೂರು ನೋಡತೇನಿ."